ಒಂದು ಕಡಲು, ಇಪ್ಪತ್ತೈದು ರಾಷ್ಟ್ರಗಳು: ಕೆರಿಬಿಯನ್ ಪ್ರವಾಸೋದ್ಯಮದ ಸಹಕಾರ ಚರಿತ್ರೆ

ಬೆಂಗಳೂರಿನಲ್ಲಿ ಈಗ ಚಿನ್ನಸ್ವಾಮಿ ಕ್ರೀಡಾಂಗಣ ಎಂದು ಕರೆಯುವ ಮೈದಾನದಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆದದ್ದು 1974ರ ನವೆಂಬರ್‌ನಲ್ಲಿ. ಭಾರತದ ಎದುರಾಳಿ ವೆಸ್ಟ್ ಇಂಡೀಸ್. ಆ ತಂಡದ ನಾಯಕ ಕ್ಲೈವ್ ಲಾಯ್ಡ್ ಗಯಾನಾದವರು. ಅದೇ ಪಂದ್ಯದಲ್ಲಿ ಟೆಸ್ಟ್ ರಂಗಕ್ಕೆ ಕಾಲಿಟ್ಟ ವಿವಿಯನ್ ರಿಚರ್ಡ್ಸ್ ಆಂಟಿಗಾ ದ್ವೀಪದವರು, ಗಾರ್ಡನ್ ಗ್ರೀನಿಜ್ ಬಾರ್ಬಡೋಸ್ ದ್ವೀಪದವರು. ಹಾಗಾದರೆ ವೆಸ್ಟ್ ಇಂಡೀಸ್ ಎಂಬ ದೇಶ ಎಲ್ಲಿದೆ? ನಿಮ್ಮ ವಿದ್ಯಾರ್ಥಿಗಳ ಕೈಗೆ ಭೂಪಟ ಕೊಟ್ಟು ಹುಡುಕಲು ಹೇಳಿ. ಅವರಿಗೆ ಅದು ಸಿಗುವುದಿಲ್ಲ. ಏಕೆಂದರೆ ಅಂಥದೊಂದು ದೇಶವೇ ಇಲ್ಲ. ಕೆರಿಬಿಯನ್ ಕಡಲಿನಲ್ಲಿ ಚದುರಿಹೋಗಿರುವ ಹಲವು ಪುಟ್ಟ ರಾಷ್ಟ್ರಗಳು ಒಟ್ಟುಗೂಡಿ ಆಡುವ ತಂಡದ ಹೆಸರದು.

ಆಟಕ್ಕಾಗಿ ಒಗ್ಗೂಡುವುದು ಒಂದು ಬಗೆ. ಹೊಟ್ಟೆಪಾಡಿನ ವಿಷಯದಲ್ಲಿ ಒಗ್ಗೂಡುವುದು ಬೇರೆಯೇ ಬಗೆ. ಈ ದೇಶಗಳಲ್ಲಿ ಬಹಳಷ್ಟಕ್ಕೆ ಇಂದು ಪ್ರವಾಸೋದ್ಯಮವೇ ಮುಖ್ಯ ಜೀವನಾಧಾರ. ಬರುವ ಪ್ರವಾಸಿಗಾಗಿ ಇವು ಒಂದರೊಡನೆ ಇನ್ನೊಂದು ಪೈಪೋಟಿ ನಡೆಸುತ್ತವೆ. ಆದರೆ ಪ್ರವಾಸಿಯನ್ನು ಸೆಳೆಯುವ ನೀಲಿ ಕಡಲು, ಬಿಳಿ ಮರಳು, ಹವಳದ ದಿಬ್ಬ ಯಾವೊಂದು ದೇಶದ ಸ್ವತ್ತೂ ಅಲ್ಲ. ಪೈಪೋಟಿ ಮಾಡುವವರು ಹಂಚಿಕೊಂಡ ಸ್ವತ್ತನ್ನು ಒಟ್ಟಾಗಿ ಕಾಯಬಲ್ಲರೆ? ಈ ಪ್ರಶ್ನೆಗೆ ಕಳೆದ ಅರ್ಧ ಶತಮಾನದಲ್ಲಿ ಕೆರಿಬಿಯನ್ ಜನ ಹುಡುಕಿದ ಉತ್ತರಗಳನ್ನು ಇಲ್ಲಿ ನೋಡೋಣ.

ಭೂಪಟದ ಮೇಲೆ ಒಂದು ನೋಟ

ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳ ನಡುವೆ ಇರುವ ಕೆರಿಬಿಯನ್ ಕಡಲಿನ ವಿಸ್ತೀರ್ಣ ಸುಮಾರು 27 ಲಕ್ಷ ಚದರ ಕಿಲೋಮೀಟರ್. ದಕ್ಷಿಣಕ್ಕೆ ವೆನೆಜುವೆಲಾ ಮತ್ತು ಕೊಲಂಬಿಯಾ, ಪಶ್ಚಿಮಕ್ಕೆ ಮಧ್ಯ ಅಮೆರಿಕದ ದೇಶಗಳು ಮತ್ತು ಮೆಕ್ಸಿಕೊದ ಯುಕಟಾನ್, ಉತ್ತರಕ್ಕೆ ಕ್ಯೂಬಾ, ಹಿಸ್ಪಾನಿಯೋಲಾ, ಪೋರ್ಟರಿಕೊ, ಪೂರ್ವಕ್ಕೆ ಕಮಾನಿನಂತೆ ಬಾಗಿದ ಸಣ್ಣ ದ್ವೀಪಗಳ ಸಾಲು. ಅಟ್ಲಾಂಟಿಕ್ ಸಾಗರದ ನೀರು ಈ ಸಣ್ಣ ದ್ವೀಪಗಳ ಸಂದುಗಳಿಂದ ಒಳನುಗ್ಗಿ, ಪಶ್ಚಿಮಕ್ಕೆ ಹರಿದು, ಕ್ಯೂಬಾ ಮತ್ತು ಯುಕಟಾನ್ ನಡುವಿನ ಕಾಲುವೆಯ ಮೂಲಕ ಮೆಕ್ಸಿಕೊ ಕೊಲ್ಲಿಯನ್ನು ಸೇರುತ್ತದೆ. ಮುಂದೆ ಇದೇ ನೀರು ಗಲ್ಫ್ ಸ್ಟ್ರೀಮ್ ಎಂಬ ಪ್ರಸಿದ್ಧ ಪ್ರವಾಹಕ್ಕೆ ಜೀವ ತುಂಬುತ್ತದೆ.

ಈ ಪ್ರವಾಹವನ್ನು ನೆನಪಿನಲ್ಲಿಡಿ. ಪೂರ್ವದ ಒಂದು ದ್ವೀಪದಲ್ಲಿ ಕಡಲಿಗೆ ಎಸೆದ ಕಸ ಪಶ್ಚಿಮದ ಇನ್ನೊಂದು ದೇಶದ ದಡ ಸೇರಬಹುದು. ಒಂದೆಡೆ ಹುಟ್ಟಿದ ಹವಳದ ಮರಿಗಳು, ಮೀನಿನ ಮರಿಗಳು ಇನ್ನೊಂದೆಡೆ ಬೆಳೆಯಬಹುದು. ರೋಗಾಣುಗಳೂ ಅಷ್ಟೆ. ಗಡಿರೇಖೆಗಳು ಕಾಗದದ ಮೇಲೆ ಮಾತ್ರ ಇರುತ್ತವೆ.

ಕಬ್ಬಿನ ಗದ್ದೆಯಿಂದ ಕಡಲತಡಿಗೆ

1492ರಲ್ಲಿ ಕೊಲಂಬಸ್ ಬಂದ ಮೇಲೆ ಈ ದ್ವೀಪಗಳ ಮೂಲನಿವಾಸಿಗಳು ಯುದ್ಧ, ರೋಗ, ಜೀತಗಳಿಂದ ಬಹುಮಟ್ಟಿಗೆ ನಾಶವಾದರು. ಆಫ್ರಿಕದಿಂದ ಗುಲಾಮರನ್ನು ತಂದು ಕಬ್ಬಿನ ತೋಟಗಳನ್ನು ಬೆಳೆಸಲಾಯಿತು. ಬ್ರಿಟಿಷ್ ವಸಾಹತುಗಳಲ್ಲಿ 1834–38ರ ಅವಧಿಯಲ್ಲಿ ಗುಲಾಮಗಿರಿ ಕೊನೆಗೊಂಡಾಗ ಆ ಜಾಗಕ್ಕೆ ಭಾರತದಿಂದ ಕರಾರು ಕೂಲಿಗಳನ್ನು ಒಯ್ದರು. ಟ್ರಿನಿಡಾಡ್ ಮತ್ತು ಗಯಾನಾಗಳಲ್ಲಿ ಇಂದಿಗೂ ಭಾರತೀಯ ಮೂಲದವರು ದೊಡ್ಡ ಸಂಖ್ಯೆಯಲ್ಲಿರುವುದು ಇದೇ ಕಾರಣದಿಂದ. ಯುರೋಪಿನಲ್ಲಿ ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆಯುವ ಉದ್ಯಮ ಬೆಳೆದಂತೆ ಕಬ್ಬಿನ ಸಕ್ಕರೆಯ ಬೆಲೆ ಬಿತ್ತು. ಬಾಳೆ ಬಂತು, ಅದೂ ಬಹುಕಾಲ ಯುರೋಪಿನ ರಿಯಾಯಿತಿ ಮಾರುಕಟ್ಟೆಯನ್ನೇ ನೆಚ್ಚಿಕೊಂಡಿತ್ತು. 1997ರಲ್ಲಿ ವಿಶ್ವ ವಾಣಿಜ್ಯ ಸಂಸ್ಥೆ ಆ ರಿಯಾಯಿತಿಯ ವಿರುದ್ಧ ತೀರ್ಪು ಕೊಟ್ಟಾಗ ಸಣ್ಣ ದ್ವೀಪಗಳ ರೈತರಿಗೆ ದೊಡ್ಡ ಪೆಟ್ಟು ಬಿತ್ತು.

ಪ್ರವಾಸಿಗಳು ಇಲ್ಲಿಗೆ ಬರುವುದು ಹೊಸದೇನಲ್ಲ. 1751ರಲ್ಲಿ ತರುಣ ಜಾರ್ಜ್ ವಾಷಿಂಗ್ಟನ್, ಕ್ಷಯದಿಂದ ನರಳುತ್ತಿದ್ದ ತನ್ನ ಅಣ್ಣನೊಂದಿಗೆ ಹವೆಯ ಬದಲಾವಣೆಗಾಗಿ ಬಾರ್ಬಡೋಸ್‌ಗೆ ಬಂದಿದ್ದ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಾಳೆಹಣ್ಣು ಸಾಗಿಸುವ ಹಡಗುಗಳು ಅಮೆರಿಕದಿಂದ ಜಮೈಕಾಗೆ ಮರಳುವಾಗ ಪ್ರವಾಸಿಗಳನ್ನು ಹೊತ್ತು ತರುತ್ತಿದ್ದವು. ಆದರೆ ಪ್ರವಾಸ ದೊಡ್ಡ ಉದ್ಯಮವಾದದ್ದು ಎರಡನೆಯ ಮಹಾಯುದ್ಧದ ನಂತರ, ಜೆಟ್ ವಿಮಾನಗಳು ಬಂದ ಮೇಲೆ. 1959ರ ಕ್ರಾಂತಿಯ ಬಳಿಕ ಕ್ಯೂಬಾದ ಬಾಗಿಲು ಅಮೆರಿಕದವರಿಗೆ ಮುಚ್ಚಿದಾಗ ಅಲ್ಲಿಗೆ ಹೋಗುತ್ತಿದ್ದವರು ಉಳಿದ ದ್ವೀಪಗಳತ್ತ ತಿರುಗಿದರು. 2019ರ ಹೊತ್ತಿಗೆ ವರ್ಷಕ್ಕೆ ಸುಮಾರು 3 ಕೋಟಿ ಜನ ಇಲ್ಲಿಗೆ ಬಂದು ತಂಗುತ್ತಿದ್ದರು. ವಿಹಾರದ ಹಡಗುಗಳಲ್ಲಿ ಬಂದುಹೋಗುವವರ ಎಣಿಕೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು.

ಬಂಡವಾಳ ಕರಗಿದ ಬಗೆ

ಪ್ರವಾಸೋದ್ಯಮದ ಬಂಡವಾಳ ಎಂದರೆ ಹೋಟೆಲು, ವಿಮಾನ ನಿಲ್ದಾಣಗಳಷ್ಟೇ ಎಂದು ನೀವು ಭಾವಿಸಬಹುದು. ಇಲ್ಲಿ ನಿಜವಾದ ಬಂಡವಾಳ ಒಂದು ಜೀವಿ. ಹವಳದ ಕೀಟಗಳು ತಮ್ಮ ಅಂಗಾಂಶದಲ್ಲಿ ಏಕಕೋಶ ಶೈವಲಗಳನ್ನು ಇಟ್ಟುಕೊಂಡು ಸಹಜೀವನ ನಡೆಸುತ್ತವೆ. ಶೈವಲ ದ್ಯುತಿಸಂಶ್ಲೇಷಣೆಯಿಂದ ಆಹಾರ ಒದಗಿಸುತ್ತದೆ. ಹವಳ ಸುಣ್ಣದ ಗೂಡು ಕಟ್ಟುತ್ತದೆ. ಸಾವಿರಾರು ವರ್ಷಗಳಲ್ಲಿ ಈ ಗೂಡುಗಳೇ ದಿಬ್ಬವಾಗುತ್ತವೆ. ದಡಕ್ಕೆ ಬರುವ ಅಲೆಯ ಶಕ್ತಿಯ ಸರಾಸರಿ ಶೇ. 97ರಷ್ಟನ್ನು ಹವಳದ ದಿಬ್ಬಗಳು ತಡೆಯುತ್ತವೆ ಎಂದು 2014ರಲ್ಲಿ ಪ್ರಕಟವಾದ ಜಾಗತಿಕ ವಿಶ್ಲೇಷಣೆಯೊಂದು ತಿಳಿಸಿತು. ಬಿಳಿ ಮರಳೂ ಬಹುಪಾಲು ಇವುಗಳದೇ ಕೊಡುಗೆ: ಮುರಿದ ಹವಳ, ಚಿಪ್ಪು, ಸುಣ್ಣಯುಕ್ತ ಪಾಚಿಗಳ ತುಣುಕುಗಳು. ಗಿಳಿಮೀನು ದಿಬ್ಬದ ಮೇಲಿನ ಪಾಚಿಯನ್ನು ಕೆರೆದು ತಿನ್ನುವಾಗ ಸುಣ್ಣವನ್ನೂ ನುಂಗಿ, ಪುಡಿಮಾಡಿ, ಮರಳಾಗಿ ಹೊರಹಾಕುತ್ತದೆ.

ಹವಳಕ್ಕೆ ತಿಳಿನೀರು ಬೇಕು. ನೀರಿನಲ್ಲಿ ಪೋಷಕಾಂಶ ಕಡಿಮೆ ಇರಬೇಕು. ಊರಿನ, ಹೋಟೆಲಿನ ಕೊಳಚೆ ನೀರು ಕಡಲಿಗೆ ಸೇರಿದಾಗ ಸಾರಜನಕ, ರಂಜಕಗಳು ಹೆಚ್ಚುತ್ತವೆ. ಆಗ ಕಡಲಪಾಚಿ ಹುಲುಸಾಗಿ ಬೆಳೆದು ಹವಳವನ್ನು ಮುಚ್ಚುತ್ತದೆ. ಪಾಚಿಯನ್ನು ಮೇಯುವ ಗಿಳಿಮೀನುಗಳನ್ನು ಅತಿಯಾಗಿ ಹಿಡಿದರೂ ಪರಿಣಾಮ ಅದೇ. ಜಮೈಕಾದಲ್ಲಿ ಮೀನುಗಳು ಮೊದಲೇ ಕಡಿಮೆಯಾಗಿ, ಪಾಚಿ ಮೇಯುವ ಕೆಲಸವನ್ನೆಲ್ಲ ಉದ್ದ ಮುಳ್ಳಿನ ಕಪ್ಪು ಸಮುದ್ರ ಅರ್ಚಿನ್ ಎಂಬ ಕಂಟಕಚರ್ಮಿಯೊಂದೇ ನಡೆಸುತ್ತಿತ್ತು.

1983ರ ಜನವರಿಯಲ್ಲಿ ಪನಾಮಾ ಕಾಲುವೆಯ ಕೆರಿಬಿಯನ್ ಬಾಯಿಯ ಬಳಿ ಈ ಅರ್ಚಿನ್‌ಗಳು ಸಾಯತೊಡಗಿದವು. ಅವುಗಳ ಸಾವು ಬಹುಮಟ್ಟಿಗೆ ಕಡಲ ಪ್ರವಾಹಗಳ ಜಾಡಿನಲ್ಲೇ ಹರಡಿತು. ಸುಮಾರು 13 ತಿಂಗಳಲ್ಲಿ ಇಡೀ ಕೆರಿಬಿಯನ್ ಕಡಲನ್ನು ವ್ಯಾಪಿಸಿ, ಸಮೀಕ್ಷೆ ನಡೆದ ಎಡೆಗಳಲ್ಲಿ ಶೇ. 90ಕ್ಕೂ ಹೆಚ್ಚು ಅರ್ಚಿನ್‌ಗಳನ್ನು ಬಲಿ ತೆಗೆದುಕೊಂಡಿತು. 1980ರ ಅಲೆನ್ ಚಂಡಮಾರುತದಿಂದ ಆಗಲೇ ಜರ್ಜರಿತವಾಗಿದ್ದ ಜಮೈಕಾದ ದಿಬ್ಬಗಳ ಮೇಲೆ ಪಾಚಿ ತಡೆಯಿಲ್ಲದೆ ಬೆಳೆಯಿತು. 1970ರ ದಶಕದ ಕೊನೆಗೆ ಅಲ್ಲಿ ಶೇ. 50ಕ್ಕೂ ಹೆಚ್ಚಿದ್ದ ಜೀವಂತ ಹವಳದ ಹೊದಿಕೆ 1990ರ ದಶಕದ ಆರಂಭಕ್ಕೆ ಶೇ. 5ಕ್ಕಿಂತ ಕೆಳಗಿಳಿದಿತ್ತು. ಇಡೀ ಕೆರಿಬಿಯನ್ ಪ್ರದೇಶವನ್ನು ಗಣಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 1977ರಲ್ಲಿ ಸುಮಾರು ಶೇ. 50ರಷ್ಟಿದ್ದ ಸರಾಸರಿ ಹವಳದ ಹೊದಿಕೆ 2001ಕ್ಕೆ ಶೇ. 10ಕ್ಕೆ ಇಳಿದಿತ್ತು.

ಇದೆಲ್ಲ ಪ್ರವಾಸೋದ್ಯಮ ಒಂದರಿಂದಲೇ ಆದದ್ದಲ್ಲ. ಮೀನುಗಾರಿಕೆ, ರೋಗ, ಚಂಡಮಾರುತ, ಹೊಲಗದ್ದೆಗಳಿಂದ ಕೊಚ್ಚಿಬಂದ ಮಣ್ಣು ಎಲ್ಲವೂ ಸೇರಿಕೊಂಡಿವೆ. ಆದರೆ ಒಂದು ಮಾತು ಸ್ಪಷ್ಟವಾಯಿತು: ಒಂದು ದ್ವೀಪ ತನ್ನ ಪಾಲಿನ ಕಡಲನ್ನು ಎಷ್ಟೇ ಅಚ್ಚುಕಟ್ಟಾಗಿ ನೋಡಿಕೊಂಡರೂ ನೆರೆಯಿಂದ ಬರುವ ಅಪಾಯವನ್ನು ಅದು ತಡೆಯಲಾರದು.

ಒಗ್ಗೂಡುವ ಮೊದಲ ಹೆಜ್ಜೆಗಳು

ರಾಜಕೀಯವಾಗಿ ಒಂದಾಗುವ ಪ್ರಯತ್ನ ಮೊದಲೇ ಸೋತಿತ್ತು. ಬ್ರಿಟಿಷ್ ವಸಾಹತುಗಳನ್ನು ಸೇರಿಸಿ 1958ರಲ್ಲಿ ರಚಿಸಿದ ವೆಸ್ಟ್ ಇಂಡೀಸ್ ಒಕ್ಕೂಟ ನಾಲ್ಕೇ ವರ್ಷ ಬಾಳಿತು. 1961ರ ಜನಮತಗಣನೆಯಲ್ಲಿ ಜಮೈಕಾ ಹೊರಬರಲು ತೀರ್ಮಾನಿಸಿತು. 1962ರಲ್ಲಿ ಒಕ್ಕೂಟ ವಿಸರ್ಜನೆಯಾಯಿತು. ಆಮೇಲೆ ಹೆಚ್ಚು ವ್ಯಾವಹಾರಿಕವಾದ ದಾರಿ ಹಿಡಿದರು. 1973ರಲ್ಲಿ ಟ್ರಿನಿಡಾಡ್‌ನ ಚಾಗ್ವಾರಾಮಸ್‌ನಲ್ಲಿ ಬಾರ್ಬಡೋಸ್, ಗಯಾನಾ, ಜಮೈಕಾ, ಟ್ರಿನಿಡಾಡ್–ಟೊಬಾಗೊ ರಾಷ್ಟ್ರಗಳು ಸಹಿ ಹಾಕಿ ಕೆರಿಬಿಯನ್ ಸಮುದಾಯವನ್ನು (ಕ್ಯಾರಿಕಾಮ್) ಕಟ್ಟಿದವು. ಪ್ರವಾಸೋದ್ಯಮಕ್ಕೆಂದೇ 1951ರಿಂದ ಒಂದು ಸಂಘವಿತ್ತು. 1974ರಲ್ಲಿ ಸಂಶೋಧನ ಕೇಂದ್ರವೊಂದು ಹುಟ್ಟಿತು. 1989ರಲ್ಲಿ ಇವೆರಡೂ ಸೇರಿ ಕೆರಿಬಿಯನ್ ಪ್ರವಾಸೋದ್ಯಮ ಸಂಸ್ಥೆಯಾಯಿತು. ಬಾರ್ಬಡೋಸ್‌ನಲ್ಲಿ ಅದರ ಕೇಂದ್ರ ಕಚೇರಿ ಇದೆ.

ಕಡಲಿಗಾಗಿಯೇ ಆದ ಮೊದಲ ದೊಡ್ಡ ಒಪ್ಪಂದ 1983ರ ಮಾರ್ಚ್‌ನ ಕಾರ್ಟಹೇನಾ ಒಡಂಬಡಿಕೆ. ಅರ್ಚಿನ್‌ಗಳು ಸಾಯುತ್ತಿದ್ದ ಅದೇ ವರ್ಷ, ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಆಶ್ರಯದಲ್ಲಿ ಕೊಲಂಬಿಯಾದ ಕಾರ್ಟಹೇನಾ ನಗರದಲ್ಲಿ ಅದು ರೂಪುಗೊಂಡಿತು. 1986ರಲ್ಲಿ ಜಾರಿಗೆ ಬಂದ ಈ ಒಡಂಬಡಿಕೆಗೆ ಮೂರು ಪೂರಕ ಒಪ್ಪಂದಗಳಿವೆ: ತೈಲ ಸೋರಿಕೆ ಎದುರಿಸುವುದು, ಸಂರಕ್ಷಿತ ಪ್ರದೇಶ ಮತ್ತು ವನ್ಯಜೀವಿಗಳ ರಕ್ಷಣೆ, ನೆಲದಿಂದ ಕಡಲಿಗೆ ಸೇರುವ ಮಾಲಿನ್ಯದ ತಡೆ. ಹೋಟೆಲಿನ ಕೊಳಚೆ ನೀರಿಗೆ ನೇರ ಸಂಬಂಧಿಸಿದ್ದು ಮೂರನೆಯದು. ಅದು ರೂಪುಗೊಂಡದ್ದು 1999ರಲ್ಲಿ, ಜಾರಿಗೆ ಬಂದದ್ದು 2010ರಲ್ಲಿ.

ಸುಸ್ಥಿರ ಪ್ರವಾಸೋದ್ಯಮ ವಲಯ

'ಸುಸ್ಥಿರ' ಎಂಬ ಮಾತು 1987ರ ಬ್ರಂಟ್‌ಲ್ಯಾಂಡ್ ವರದಿ ಮತ್ತು 1992ರ ರಿಯೊ ಶೃಂಗಸಭೆಗಳ ಮೂಲಕ ಎಲ್ಲರ ಬಾಯಿಗೆ ಬಂತು. ಇಂದಿನ ಅಗತ್ಯ ಪೂರೈಸಿಕೊಳ್ಳುವಾಗ ಮುಂದಿನ ಪೀಳಿಗೆಯ ಪಾಲನ್ನು ತಿಂದುಹಾಕದಿರುವುದು ಎಂಬುದು ಅದರ ತಿರುಳು. 1994ರ ಏಪ್ರಿಲ್–ಮೇ ತಿಂಗಳಲ್ಲಿ ಬಾರ್ಬಡೋಸ್‌ನ ರಾಜಧಾನಿ ಬ್ರಿಜ್‌ಟೌನ್‌ನಲ್ಲಿ, ಅಭಿವೃದ್ಧಿಶೀಲ ಸಣ್ಣ ದ್ವೀಪರಾಷ್ಟ್ರಗಳ ಸುಸ್ಥಿರ ಅಭಿವೃದ್ಧಿ ಕುರಿತ ವಿಶ್ವಸಂಸ್ಥೆಯ ಸಮ್ಮೇಳನ ನಡೆಯಿತು. ಅಲ್ಲಿ ಒಪ್ಪಿಕೊಂಡ ಕಾರ್ಯಯೋಜನೆಯಲ್ಲಿ ಪ್ರವಾಸೋದ್ಯಮಕ್ಕೂ ಸ್ಥಾನ ದೊರೆಯಿತು.

ಅದೇ ವರ್ಷದ ಜುಲೈ 24ರಂದು ಮತ್ತೆ ಕಾರ್ಟಹೇನಾದಲ್ಲಿ ಕೆರಿಬಿಯನ್ ರಾಷ್ಟ್ರಗಳ ಸಂಘ ಹುಟ್ಟಿತು. ಸರ್ ಶ್ರೀದತ್ ರಾಮ್‌ಫಲ್ ಅವರ ನೇತೃತ್ವದ ವೆಸ್ಟ್ ಇಂಡಿಯನ್ ಆಯೋಗ 1992ರಲ್ಲಿ ಮಾಡಿದ ಶಿಫಾರಸು ಇದರ ಬೀಜ. ಗಯಾನಾದ ಭಾರತೀಯ ಮೂಲದ ಈ ರಾಜನೀತಿಜ್ಞರು ಕಾಮನ್‌ವೆಲ್ತ್ ಸಂಘಟನೆಯ ಮಹಾ ಕಾರ್ಯದರ್ಶಿಯಾಗಿದ್ದವರು. ಕ್ಯಾರಿಕಾಮ್ ಮುಖ್ಯವಾಗಿ ಇಂಗ್ಲಿಷ್ ಆಡುವ ದೇಶಗಳ ಕೂಟವಾಗಿತ್ತು. ಹೊಸ ಸಂಘದಲ್ಲಾದರೋ ಮೆಕ್ಸಿಕೊ, ಕೊಲಂಬಿಯಾ, ವೆನೆಜುವೆಲಾಗಳಂಥ ದೊಡ್ಡ ದೇಶಗಳೂ ಕ್ಯೂಬಾ, ಹೈಟಿ, ಮಧ್ಯ ಅಮೆರಿಕದ ರಾಷ್ಟ್ರಗಳೂ ಸೇರಿ 25 ಸದಸ್ಯರು. ಸ್ಪ್ಯಾನಿಷ್, ಇಂಗ್ಲಿಷ್, ಫ್ರೆಂಚ್ ಅಧಿಕೃತ ಭಾಷೆಗಳು. ಕಚೇರಿ ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ. ಅಮೆರಿಕದ ಆಡಳಿತದಲ್ಲಿರುವ ಪೋರ್ಟರಿಕೊ ಮತ್ತು ವರ್ಜಿನ್ ದ್ವೀಪಗಳು ಇದರ ಹೊರಗೆ ಉಳಿದವು.

1999ರ ಏಪ್ರಿಲ್‌ನಲ್ಲಿ ಸ್ಯಾಂಟೊ ಡೊಮಿಂಗೊದಲ್ಲಿ ಸೇರಿದ ಈ ಸಂಘದ ಎರಡನೆಯ ಶೃಂಗಸಭೆ ಒಂದು ಹೊಸ ಕಲ್ಪನೆಯನ್ನು ಘೋಷಿಸಿತು. ಇಡೀ ಕೆರಿಬಿಯನ್ ಪ್ರದೇಶವನ್ನೇ ಒಂದು 'ಸುಸ್ಥಿರ ಪ್ರವಾಸೋದ್ಯಮ ವಲಯ' ಎಂದು ಪರಿಗಣಿಸುವುದು ಆ ಕಲ್ಪನೆ. ಪ್ರವಾಸಿ ತಾಣಗಳನ್ನು ಸಾಮಾನ್ಯ ಸೂಚಕಗಳಿಂದ ಅಳೆಯಬೇಕು. ನೀರು ಮತ್ತು ಶಕ್ತಿಯ ಬಳಕೆ, ಕಸ ಮತ್ತು ಕೊಳಚೆಯ ವಿಲೇವಾರಿ, ಸಂಸ್ಕೃತಿಯ ರಕ್ಷಣೆ, ಸ್ಥಳೀಯರ ಪಾಲುಗೊಳ್ಳುವಿಕೆ, ಸುರಕ್ಷತೆ ಇಂಥ ವಿಷಯಗಳು ಆ ಅಳತೆಗೋಲಿನಲ್ಲಿ ಸೇರಬೇಕು. 'ನಮ್ಮದು ಹಸಿರು ದ್ವೀಪ' ಎಂದು ಯಾರು ಬೇಕಾದರೂ ಜಾಹೀರಾತು ಕೊಡಬಹುದು. ಅಳೆದು ತೋರಿಸುವುದು ಬೇರೆ ಮಾತು. ಈ ವ್ಯತ್ಯಾಸವನ್ನು ವಿಜ್ಞಾನದ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

2001ರ ಡಿಸೆಂಬರ್‌ನಲ್ಲಿ ವೆನೆಜುವೆಲಾದ ಮಾರ್ಗರಿಟಾ ದ್ವೀಪದಲ್ಲಿ ಈ ಘೋಷಣೆ ಕಾನೂನುಬದ್ಧ ಒಡಂಬಡಿಕೆಯಾಯಿತು. 2004ರಲ್ಲಿ ಪನಾಮಾದಲ್ಲಿ ಅದಕ್ಕೊಂದು ತಿದ್ದುಪಡಿ ಕೂಡಿತು. ಆದರೆ ಸಾಕಷ್ಟು ಸಂಖ್ಯೆಯ ರಾಷ್ಟ್ರಗಳು ತಮ್ಮ ತಮ್ಮ ದೇಶಗಳಲ್ಲಿ ಅನುಮೋದನೆ ಪಡೆದು, ಒಡಂಬಡಿಕೆ ಜಾರಿಗೆ ಬರುವ ಹೊತ್ತಿಗೆ 2013 ಆಗಿತ್ತು. ಘೋಷಣೆಯಿಂದ ಜಾರಿಯವರೆಗೆ 14 ವರ್ಷ! ಅರ್ಚಿನ್ ರೋಗ ಇಡೀ ಕಡಲನ್ನು ಸುತ್ತಿದ್ದು 13 ತಿಂಗಳಲ್ಲಿ ಎಂಬುದನ್ನು ಇದರೊಡನೆ ಹೋಲಿಸಿ ನೋಡಿ. ಮಧ್ಯದ ಆ ವರ್ಷಗಳಲ್ಲಿ, 2005ರಲ್ಲಿ, ಕಡಲ ನೀರು ಅತಿಯಾಗಿ ಬಿಸಿಯಾಗಿ ಪೂರ್ವ ಕೆರಿಬಿಯನ್ನಿನಲ್ಲಿ ಹವಳಗಳು ವ್ಯಾಪಕವಾಗಿ ಬಿಳಿಚಿಕೊಂಡವು. ನೀರು ಬಿಸಿಯಾದಾಗ ಹವಳ ತನ್ನ ಒಳಗಿನ ಶೈವಲವನ್ನು ಹೊರದೂಡುತ್ತದೆ. ಬಣ್ಣ ಕಳೆದುಕೊಂಡು ಹಸಿವಿನಿಂದ ಸಾಯಲೂಬಹುದು.

ಹಡಗಿನ ಕಸ ಮತ್ತು ಒಂದೂವರೆ ಡಾಲರ್

ಸಹಕಾರ ಎಲ್ಲಿ ಮುರಿಯುತ್ತದೆ ಎಂಬುದಕ್ಕೆ ವಿಹಾರದ ಹಡಗುಗಳ ಕಥೆ ಒಳ್ಳೆಯ ಉದಾಹರಣೆ. ಸಾವಿರಾರು ಜನರನ್ನು ಹೊತ್ತ ಹಡಗೊಂದು ತೇಲುವ ಊರಿನಂತೆ. ಅದರಲ್ಲಿ ದಿನವೂ ಕಸ ಮತ್ತು ಕೊಳಚೆ ಉತ್ಪತ್ತಿಯಾಗುತ್ತವೆ. ಪ್ರಯಾಣಿಕರು ಕೆಲವೇ ಗಂಟೆ ದಡದಲ್ಲಿದ್ದು ಮುಂದಿನ ದ್ವೀಪಕ್ಕೆ ಹೋಗುತ್ತಾರೆ. ಹೋಟೆಲನ್ನು ಕಿತ್ತು ಬೇರೆಡೆ ಒಯ್ಯಲಾಗದು, ಹಡಗಿಗೆ ಅಂಥ ಕಟ್ಟೇನೂ ಇಲ್ಲ. ಒಂದು ದ್ವೀಪ ತೆರಿಗೆ ಹೆಚ್ಚಿಸಿದರೆ ಅದು ಪಕ್ಕದ ದ್ವೀಪಕ್ಕೆ ತಿರುಗುತ್ತದೆ. ಆದ್ದರಿಂದಲೇ 1990ರ ದಶಕದಲ್ಲಿ ಕ್ಯಾರಿಕಾಮ್ ರಾಷ್ಟ್ರಗಳು ಪ್ರತಿ ಹಡಗು ಪ್ರಯಾಣಿಕನಿಗೆ ಸಮಾನವಾದ ಕನಿಷ್ಠ ತೆರಿಗೆ ಹಾಕುವ ಬಗ್ಗೆ ಮಾತಾಡಿಕೊಂಡವು. ಆದರೆ ಮಾತಿಗೆ ಎಲ್ಲರೂ ಕಟ್ಟುಬೀಳಲಿಲ್ಲ.

ಅದೇ ಕಾಲದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಪೂರ್ವ ಕೆರಿಬಿಯನ್ನಿನ ಆರು ಪುಟ್ಟ ರಾಷ್ಟ್ರಗಳಲ್ಲಿ ಕಸ ವಿಲೇವಾರಿಯ ಯೋಜನೆ ಆರಂಭವಾಯಿತು. ಖರ್ಚಿನ ಒಂದು ಭಾಗವನ್ನು ಪ್ರತಿ ಹಡಗು ಪ್ರಯಾಣಿಕನಿಂದ ಒಂದೂವರೆ ಡಾಲರ್ ಪಡೆದು ತುಂಬಿಸಬೇಕೆಂದು ಗೊತ್ತುಮಾಡಲಾಗಿತ್ತು. ಈ ಸಣ್ಣ ಮೊತ್ತಕ್ಕೂ ತಕರಾರೆದ್ದಿತು. ದೊಡ್ಡ ಹಡಗು ಕಂಪೆನಿಯೊಂದು 1999ರ ಕೊನೆಗೆ ಗ್ರೆನಡಾ ದ್ವೀಪವನ್ನೇ ತನ್ನ ಮಾರ್ಗದಿಂದ ಕೈಬಿಟ್ಟಿತು. ಒಂದೊಂದಾಗಿ ನಿಂತರೆ ದ್ವೀಪಗಳ ಶಕ್ತಿ ಎಷ್ಟು ಎಂಬುದನ್ನು ಈ ಪ್ರಸಂಗ ತೋರಿಸಿಕೊಟ್ಟಿತು.

ಇದಕ್ಕೆ ಪ್ರತಿಯಾಗಿ ಇನ್ನೊಂದು ಪ್ರಸಂಗವನ್ನು ಗಮನಿಸಿ. ಹಡಗುಗಳಿಂದಾಗುವ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಒಪ್ಪಂದದ (ಮಾರ್ಪೋಲ್) ಐದನೆಯ ಅನುಬಂಧದಲ್ಲಿ ಕೆರಿಬಿಯನ್ ಪ್ರದೇಶವನ್ನು 1991ರಲ್ಲೇ 'ವಿಶೇಷ ಪ್ರದೇಶ' ಎಂದು ಗುರುತಿಸಲಾಗಿತ್ತು. ಅಂಥಲ್ಲಿ ಆಹಾರದ ಉಳಿಕೆಯ ಹೊರತು ಬಹುತೇಕ ಯಾವ ಕಸವನ್ನೂ ಕಡಲಿಗೆ ಎಸೆಯುವಂತಿಲ್ಲ. ಆದರೆ ನಿಯಮ ಜಾರಿಯಾಗಬೇಕಾದರೆ ಬಂದರುಗಳಲ್ಲಿ ಕಸವನ್ನು ಇಳಿಸಿಕೊಳ್ಳುವ ಏರ್ಪಾಡು ಇರಬೇಕು. ಎಸೆಯಬೇಡ ಎಂದು ಹೇಳುವ ಮೊದಲು ಎಲ್ಲಿ ಹಾಕಬೇಕೆಂದು ತೋರಿಸಬೇಕಷ್ಟೆ. ದೇಶಗಳು ಒಂದೊಂದಾಗಿ ತಮ್ಮ ಬಂದರುಗಳ ಏರ್ಪಾಡನ್ನು ವರದಿ ಮಾಡಿದ ಮೇಲೆ 2011ರ ಮೇ 1ರಿಂದ ನಿಷೇಧ ಜಾರಿಗೆ ಬಂತು. ಹಿಡಿದದ್ದು ಇಪ್ಪತ್ತು ವರ್ಷ. ಆದರೆ ಈ ನಿಯಮದಿಂದ ತಪ್ಪಿಸಿಕೊಳ್ಳಲು ಹಡಗು ಪಕ್ಕದ ದ್ವೀಪಕ್ಕೆ ತಿರುಗಿದರೆ ಪ್ರಯೋಜನವಿಲ್ಲ. ಇಡೀ ಕಡಲಿಗೆ ನಿಯಮ ಒಂದೇ.

ಸಣ್ಣ ಗೆಲುವುಗಳು

ಇಡೀ ಪ್ರದೇಶದ ಒಪ್ಪಂದಗಳು ನಿಧಾನವಾಗಿ ನಡೆಯುತ್ತಿದ್ದಾಗ ಸಣ್ಣ ಗುಂಪುಗಳು ಮುಂದೆ ಹೋದವು. ವೆನೆಜುವೆಲಾದ ಉತ್ತರಕ್ಕಿರುವ, ನೆದರ್‌ಲ್ಯಾಂಡ್ಸ್‌ಗೆ ಸೇರಿದ ಬೊನೇರ್ ದ್ವೀಪ 1979ರಲ್ಲಿ ತನ್ನ ಸುತ್ತಲ ಕಡಲನ್ನು ಸಾಗರ ಉದ್ಯಾನವಾಗಿಸಿತು. 1992ರಿಂದ ಮುಳುಗುವ ಪ್ರತಿ ಪ್ರವಾಸಿಯಿಂದ ವರ್ಷಕ್ಕೆ 10 ಡಾಲರ್ ಪಡೆಯತೊಡಗಿತು. ಲಂಗರು ಬಿದ್ದು ಹವಳ ಮುರಿಯದಂತೆ ದೋಣಿಗಳನ್ನು ಕಟ್ಟಲು ಅಲ್ಲಿ ತೇಲುಗುಂಡುಗಳನ್ನು ಇರಿಸಿದ್ದಾರೆ. 1997ರ ಜೂನ್ 5ರಂದು, ಅಂದರೆ ವಿಶ್ವ ಪರಿಸರ ದಿನದಂದು, ಮೆಕ್ಸಿಕೊ, ಬೆಲೀಜ್, ಗ್ವಾಟೆಮಾಲಾ, ಹೊಂಡುರಾಸ್ ದೇಶಗಳು ಟುಲುಂ ಎಂಬಲ್ಲಿ ಸೇರಿ, ತಮ್ಮ ದಡದುದ್ದಕ್ಕೂ ಸುಮಾರು 1,000 ಕಿಲೋಮೀಟರ್ ಹಬ್ಬಿರುವ ಹವಳ ವ್ಯವಸ್ಥೆಯನ್ನು ಒಟ್ಟಾಗಿ ಕಾಯುವ ಸಂಕಲ್ಪ ಮಾಡಿದವು. ಬೆಲೀಜ್ 2009ರಲ್ಲಿ ಗಿಳಿಮೀನು ಹಿಡಿಯುವುದನ್ನು ನಿಷೇಧಿಸಿತು. 2017ರ ಕೊನೆಗೆ ತನ್ನ ಕಡಲಿನಲ್ಲಿ ತೈಲ ಶೋಧವನ್ನು ನಿಲ್ಲಿಸುವ ಕಾನೂನು ಮಾಡಿತು. 2009ರಿಂದ ಯುನೆಸ್ಕೊದ 'ಅಪಾಯದಲ್ಲಿರುವ ವಿಶ್ವ ಪರಂಪರೆ' ಪಟ್ಟಿಯಲ್ಲಿದ್ದ ಅದರ ಹವಳದ ತಡೆಗೋಡೆ 2018ರಲ್ಲಿ ಆ ಪಟ್ಟಿಯಿಂದ ಹೊರಬಂತು.

ವಿಜ್ಞಾನಿಗಳ ಸಹಕಾರವನ್ನು ಮರೆಯುವಂತಿಲ್ಲ. 'ಕ್ಯಾರಿಕಾಂಪ್' ಎಂಬ ಜಾಲದಲ್ಲಿ 1990ರ ದಶಕದ ಆರಂಭದಿಂದ ಹಲವು ದೇಶಗಳ ಸಾಗರ ಪ್ರಯೋಗಾಲಯಗಳು ಹವಳ, ಕಡಲಹುಲ್ಲು ಮತ್ತು ಕಾಂಡ್ಲಾ ಕಾಡುಗಳನ್ನು ಒಂದೇ ವಿಧಾನದಲ್ಲಿ ಅಳೆದು, ಮಾಹಿತಿಯನ್ನು ಜಮೈಕಾದ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದಲ್ಲಿ ಕೂಡಿಹಾಕಿದವು. ಅಳತೆಯ ವಿಧಾನ ಒಂದೇ ಆದಾಗ ಮಾತ್ರ ಜಮೈಕಾದ ಅಂಕಿಯನ್ನು ಬೆಲೀಜ್‌ನ ಅಂಕಿಯೊಡನೆ ಹೋಲಿಸಲು ಸಾಧ್ಯ.

ವಿಮೆಯಲ್ಲೂ ಇದೇ ತತ್ತ್ವ ಫಲಿಸಿತು. 2004ರ ಐವನ್ ಚಂಡಮಾರುತ ಗ್ರೆನಡಾಗೆ ಮಾಡಿದ ಹಾನಿ ಆ ದೇಶದ ವಾರ್ಷಿಕ ಉತ್ಪನ್ನದ ಸುಮಾರು ಎರಡರಷ್ಟು. ಅಷ್ಟು ಸಣ್ಣ ದೇಶ ಒಂಟಿಯಾಗಿ ವಿಮೆ ಮಾಡಿಸಹೊರಟರೆ ಕಂತು ಕೈಗೆಟುಕದು. 2007ರಲ್ಲಿ 16 ದೇಶಗಳು ಸೇರಿ ಸಾಮೂಹಿಕ ವಿಪತ್ತು ವಿಮಾ ನಿಧಿಯನ್ನು ಕಟ್ಟಿದವು. ಎಲ್ಲ ದ್ವೀಪಗಳಿಗೂ ಒಂದೇ ವರ್ಷ ಚಂಡಮಾರುತ ಬಡಿಯುವ ಸಂಭವ ಕಡಿಮೆ. ಆದ್ದರಿಂದ ಒಟ್ಟುಗೂಡಿದರೆ ಎಲ್ಲರ ಕಂತೂ ಇಳಿಯುತ್ತದೆ. ಸಂಭವನೀಯತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಇಲ್ಲಿ ನಷ್ಟದ ಪರಿಶೀಲನೆಗಾಗಿ ಕಾಯಬೇಕಾಗಿಲ್ಲ. ಗಾಳಿಯ ವೇಗ, ಭೂಕಂಪದ ತೀವ್ರತೆಯಂಥ ಅಳತೆಗಳು ಗೊತ್ತುಪಡಿಸಿದ ಮಿತಿಯನ್ನು ದಾಟಿದರೆ ಸುಮಾರು ಎರಡು ವಾರದೊಳಗೆ ಹಣ ಸಿಗುತ್ತದೆ. 2010ರ ಭೂಕಂಪದ ನಂತರ ಹೈಟಿಗೆ ಹೀಗೆಯೇ ಹಣ ಸಂದಿತು. 2024ರ ಬೆರಿಲ್ ಚಂಡಮಾರುತದ ನಂತರ ಗ್ರೆನಡಾಗೆ 4 ಕೋಟಿ ಡಾಲರ್‌ಗೂ ಹೆಚ್ಚು ದೊರೆಯಿತು.

ಜನರ ಓಡಾಟದಲ್ಲೂ ಒಂದು ಪ್ರಯೋಗ ನಡೆದಿದೆ. 2007ರಲ್ಲಿ ವಿಶ್ವಕಪ್ ಕ್ರಿಕೆಟ್ ಕೆರಿಬಿಯನ್ನಿನಲ್ಲಿ ನಡೆದಾಗ 10 ರಾಷ್ಟ್ರಗಳು ಕೆಲವು ತಿಂಗಳ ಮಟ್ಟಿಗೆ ಒಂದೇ ವೀಸಾ, ಒಂದೇ ಗಡಿ ಎಂದು ಒಪ್ಪಿಕೊಂಡವು. ಮೊದಲ ದೇಶದಲ್ಲಿ ತಪಾಸಣೆಯಾದರೆ ಮುಂದಿನ ದೇಶಗಳಲ್ಲಿ ಮತ್ತೆ ಬೇಕಿರಲಿಲ್ಲ. ಪಂದ್ಯಾವಳಿ ಮುಗಿದ ಮೇಲೆ ಆ ಏರ್ಪಾಡೂ ಮುಗಿಯಿತು.

ಹೊಸ ಪರೀಕ್ಷೆಗಳು

2011ರಿಂದ ಹೊಸದೊಂದು ಪಿಡುಗು ದಡಕ್ಕೆ ಬರುತ್ತಿದೆ. ಸರ್ಗಾಸಮ್ ಎಂಬ ತೇಲುವ ಕಂದು ಶೈವಲ ಅದು. ಕಡಲ ನಡುವೆ ಮೀನು, ಆಮೆಗಳಿಗೆ ಆಸರೆಯಾಗುವ ಈ ಶೈವಲ ದಡದಲ್ಲಿ ರಾಶಿಬಿದ್ದು ಕೊಳೆತಾಗ ಹೈಡ್ರೊಜನ್ ಸಲ್ಫೈಡ್ ಅನಿಲ ಹೊಮ್ಮಿ ಕೊಳೆತ ಮೊಟ್ಟೆಯಂತೆ ನಾರುತ್ತದೆ. 2018ರ ಜೂನ್‌ನಲ್ಲಿ ಪಶ್ಚಿಮ ಆಫ್ರಿಕದಿಂದ ಮೆಕ್ಸಿಕೊ ಕೊಲ್ಲಿಯವರೆಗೆ 8,850 ಕಿಲೋಮೀಟರ್ ಉದ್ದದ ಸರ್ಗಾಸಮ್ ಪಟ್ಟಿಯನ್ನು ಉಪಗ್ರಹಗಳು ಕಂಡವು; ಅದರ ತೂಕ 2 ಕೋಟಿ ಟನ್‌ಗೂ ಹೆಚ್ಚು ಎಂದು ಅಂದಾಜು ಮಾಡಲಾಯಿತು. ಇದನ್ನು ಯಾವ ಹೋಟೆಲಿನವರು ತಾನೆ ಒಬ್ಬರೇ ಗುಡಿಸಿ ಮುಗಿಸಬಲ್ಲರು? ಉಪಗ್ರಹದ ಮುನ್ಸೂಚನೆಯನ್ನು ಹಂಚಿಕೊಳ್ಳುವುದರಿಂದ ಮೊದಲ್ಗೊಂಡು ಇಲ್ಲಿ ಸಹಕಾರ ಅನಿವಾರ್ಯ.

2014ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಹವಳದ ಅಂಗಾಂಶ ನಾಶರೋಗ ಕೆಲವೇ ವರ್ಷಗಳಲ್ಲಿ ಮೆಕ್ಸಿಕೊ, ಜಮೈಕಾಗಳನ್ನು ಮುಟ್ಟಿ ಮುಂದೆ ಹರಡಿತು. 2022ರಲ್ಲಿ, ನಿಧಾನವಾಗಿ ಚೇತರಿಸಿಕೊಳ್ಳುತ್ತಿದ್ದ ಅರ್ಚಿನ್‌ಗಳು ಮತ್ತೆ ಸಾಮೂಹಿಕವಾಗಿ ಸತ್ತವು. ಆದರೆ ಈ ಬಾರಿ ಒಂದು ವ್ಯತ್ಯಾಸವಿತ್ತು. 1983ರ ಸಾವಿಗೆ ಕಾರಣವಾದ ರೋಗಾಣು ಆಗ ಪತ್ತೆಯಾಗಲಿಲ್ಲ. 2022ರಲ್ಲಿ ಬೇರೆ ಬೇರೆ ದ್ವೀಪಗಳಿಂದ ಮಾದರಿಗಳು ಬೇಗ ಪ್ರಯೋಗಾಲಯ ಸೇರಿದವು. ರೋಗಕ್ಕೆ ಕಾರಣ ಒಂದು ಲೋಮಾಂಗಜೀವಿ, ಅಂದರೆ ಪ್ಯಾರಮೀಸಿಯಮ್‌ನ ದೂರದ ಬಂಧು ಎಂದು 2023ರಲ್ಲೇ ಪ್ರಕಟವಾಯಿತು. ಕಾರಣ ತಿಳಿದ ಮಾತ್ರಕ್ಕೆ ಅರ್ಚಿನ್ ಬದುಕಿಕೊಳ್ಳುವುದಿಲ್ಲ, ನಿಜ. ಆದರೆ ಮುಂದಿನ ಬಾರಿ ಏನನ್ನು ಹುಡುಕಬೇಕೆಂದು ಗೊತ್ತಿರುತ್ತದೆ.

2020ರಲ್ಲಿ ಕೋವಿಡ್‌ನಿಂದಾಗಿ ತಂಗುವ ಪ್ರವಾಸಿಗಳ ಸಂಖ್ಯೆ ಸುಮಾರು ಮೂರನೇ ಎರಡರಷ್ಟು ಕುಸಿಯಿತು. ಒಂದೇ ಉದ್ಯಮವನ್ನು ನೆಚ್ಚುವುದರ ಅಪಾಯ ಎಲ್ಲರಿಗೂ ಮನದಟ್ಟಾಯಿತು. ಹಿಂದೆ ಸಕ್ಕರೆ ಮತ್ತು ಬಾಳೆ ಕಲಿಸಿದ ಪಾಠವೂ ಇದೇ ಆಗಿತ್ತು.

ನಾವು ಗಮನಿಸಬೇಕಾದ್ದು

ಈ ಚರಿತ್ರೆಯಿಂದ ಎರಡು ಅಂಶಗಳನ್ನು ಆಯ್ದುಕೊಳ್ಳಬಹುದು. ಮೊದಲನೆಯದು, ಕಡಲ ಪ್ರವಾಹದ ವೇಗಕ್ಕೂ ಒಪ್ಪಂದದ ವೇಗಕ್ಕೂ ಇರುವ ಅಂತರ. ರೋಗ ಒಂದು ವರ್ಷದಲ್ಲಿ ಹರಡುತ್ತದೆ, ಅನುಮೋದನೆಗೆ ಹತ್ತಾರು ವರ್ಷ ಬೇಕಾಗುತ್ತದೆ. ಮೂರು ಭಾಷೆ, ಇಪ್ಪತ್ತೈದು ಸಂವಿಧಾನಗಳ ನಡುವೆ ಒಪ್ಪಿಗೆ ಮೂಡಿಸುವುದು ಸುಲಭವಲ್ಲ ಎಂಬುದನ್ನು ಒಪ್ಪಿದರೂ ಈ ಅಂತರದ ಬೆಲೆಯನ್ನು ತೆತ್ತದ್ದು ಹವಳದ ದಿಬ್ಬಗಳು, ಅವನ್ನು ನಂಬಿದ ಮೀನುಗಾರರು ಮತ್ತು ಹೋಟೆಲು ಕೆಲಸಗಾರರು. ಎರಡನೆಯದು, ಅಳತೆಯ ಮಹತ್ವ. ಬರಿಯ ಮಾತಿಗೆ ನಿಂತ ತೆರಿಗೆಯ ಒಪ್ಪಂದ ಮುರಿದುಬಿತ್ತು. ಗಾಳಿಯ ವೇಗವನ್ನು ಅಳೆದು ಹಣ ಕೊಡುವ ವಿಮೆ, ಬಂದರಿನ ಏರ್ಪಾಡನ್ನು ವರದಿ ಮಾಡಿಸಿ ಜಾರಿಗೊಳಿಸಿದ ಕಸದ ನಿಷೇಧ, ಒಂದೇ ವಿಧಾನದಿಂದ ನಡೆದ ಹವಳದ ಗಣತಿ ನಿಂತವು. ಅಳತೆಯನ್ನು ಎಲ್ಲರೂ ಒಪ್ಪಿದಾಗ ಪರಸ್ಪರ ನಂಬಿಕೆಗೆ ಒಂದು ಆಧಾರ ಸಿಗುತ್ತದೆ.

ಶಿಕ್ಷಕರು ಇದನ್ನು ತರಗತಿಯಲ್ಲಿ ಹೀಗೆ ಬಳಸಬಹುದು. ಕೆರಿಬಿಯನ್ ಕಡಲಿನ ಖಾಲಿ ನಕ್ಷೆಯಲ್ಲಿ ದೇಶಗಳ ಹೆಸರನ್ನು ಬರೆಸಿ. ಪೂರ್ವದಿಂದ ಪಶ್ಚಿಮಕ್ಕೆ ಪ್ರವಾಹದ ಬಾಣಗಳನ್ನು ಎಳೆಸಿ. ನಂತರ ತರಗತಿಯನ್ನು ಆರು ದ್ವೀಪಗಳಾಗಿ ಹಂಚಿ, ಒಬ್ಬ ವಿದ್ಯಾರ್ಥಿಯನ್ನು ಹಡಗಿನ ಕಂಪೆನಿಯ ಪ್ರತಿನಿಧಿಯಾಗಿ ನಿಲ್ಲಿಸಿ. ಪ್ರತಿ ಪ್ರಯಾಣಿಕನಿಂದ ಎಷ್ಟು ಶುಲ್ಕ ಪಡೆಯಬೇಕೆಂದು ಪ್ರತಿ ದ್ವೀಪವೂ ಚೀಟಿಯಲ್ಲಿ ಗುಟ್ಟಾಗಿ ಬರೆಯಲಿ; ಕಡಿಮೆ ಬರೆದ ದ್ವೀಪಕ್ಕೆ ಹಡಗು ಹೋಗಲಿ. ಎರಡು ಸುತ್ತಿನ ನಂತರ ಶುಲ್ಕ ಎಲ್ಲಿಗೆ ಇಳಿಯಿತೆಂದು ಲೆಕ್ಕ ಹಾಕಿಸಿ. ಮೂರನೆಯ ಸುತ್ತಿನಲ್ಲಿ ಬರೆಯುವ ಮೊದಲು ಪರಸ್ಪರ ಮಾತಾಡಲು ಬಿಡಿ. ಮಾತಿಗೆ ಎಷ್ಟು ಮಂದಿ ಕಟ್ಟುಬೀಳುತ್ತಾರೆ, ತಪ್ಪಿದವರನ್ನು ಉಳಿದವರು ಏನು ಮಾಡುತ್ತಾರೆ ಎಂಬುದನ್ನು ಮಕ್ಕಳೇ ಬರೆದಿಡಲಿ.